ದಲಿತ ಅಂದರೆ ಒಡೆದದ್ದು. ಒಡೆದವರು ಯಾರು?

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ,

ಈ ಸಲ ಏಪ್ರಿಲ್ 14ರ ಜಯಂತಿಗೆ ಒಂದು ಬ್ಯಾನರ್ ಬರೆಸಬೇಕಾಗಿತ್ತು. ಖಾಸಬಾಗದ ನನ್ನ ಖೋಲಿಯಲ್ಲಿ ಹತ್ತು ಹನ್ನೆರಡು ಹುಡುಗರು ಕೂತಿದ್ದರು. ಹೊರಗೆ ಓಣಿಯಲ್ಲಿ ಮಗ್ಗಗಳ ಖಟಖಟ ನಡೆದೇ ಇತ್ತು. ಬಣ್ಣ ತಂದಾಗಿತ್ತು, ಬಟ್ಟೆ ತಂದಾಗಿತ್ತು. ‘ದಲಿತ ವಿದ್ಯಾರ್ಥಿಗಳು’ ಅಂತ ಬರೆಯುವುದೋ ಬೇಡವೋ ಅನ್ನುವಲ್ಲಿಗೆ ಬಂದು ಕೆಲಸ ನಿಂತುಬಿಟ್ಟಿತು.

ನಿಲ್ಲಿಸಿದವರು ಇಬ್ಬರು. ಒಬ್ಬರು ಅಲ್ಲಿ ಇರಲಿಲ್ಲ. ಅವರು ಒಬ್ಬ ಸಾಹೇಬರು. ಹಿಂದಿನ ದಿನ ಪರವಾನಗಿ ಕೇಳಲು ಹೋದವರಿಗೆ ಅವರು ಹೇಳಿ ಕಳಿಸಿದ್ದರು: “ದಲಿತ ಅನ್ನೋ ಶಬ್ದ ಸಂವಿಧಾನದೊಳಗ ಇಲ್ಲ. ಸರ್ಕಾರನೂ ಬ್ಯಾಡ ಅಂದೈತಿ. ಪರಿಶಿಷ್ಟ ಅಂತ ಬರೀರಿ, ಇಲ್ಲಾ ಬರೇ ವಿದ್ಯಾರ್ಥಿಗಳು ಅಂತ ಬರೀರಿ. ಮ್ಯಾಲ ಅದು ಸಂಸ್ಕೃತ ಶಬ್ದ, ಅದರ ಅರ್ಥಾನೂ ಚಲೋ ಇಲ್ಲ.”

ಇನ್ನೊಬ್ಬ ನಮ್ಮವನೇ. ಖಾನಾಪುರದ ಕಡೆಯ ಹುಡುಗ, ಪಿಯುಸಿ ಮೊದಲನೇ ವರ್ಷ. ಮಾತು ಕಡಿಮೆ. ಎಲ್ಲರೂ ಸಾಹೇಬರನ್ನು ಬೈಯುತ್ತಿದ್ದಾಗ ಅವನು ಮೆಲ್ಲಗೆ ಅಂದ: “ಅಣ್ಣಾ, ಸಾಹೇಬ್ರು ಹೇಳಿದ್ದು ಬಿಡ್ರಿ. ನನಗೂ ಒಂದು ಮಾತೈತಿ. ದಲಿತ ಅಂದ್ರ ಮುರಿದವ ಅಂತರೀ. ನಾ ಮುರಿದಿಲ್ಲ. ಮುರಿದವ ಅಂತ ನನ್ನ ಕೊರಳಿಗೆ ನಾನ ಯಾಕ ಬೋರ್ಡ್ ಕಟಗೋಬೇಕು?”

ಸಾಹೇಬರಿಗೆ ಉತ್ತರ ಕೊಡುವುದು ಸುಲಭ. ಈ ತಮ್ಮನಿಗೆ ಉತ್ತರ ಕೊಡುವುದು ಸುಲಭವಲ್ಲ. ಆ ರಾತ್ರಿ ನಾನು ಕೊಟ್ಟ ಉತ್ತರ ಅರ್ಧಂಬರ್ಧ ಆಗಿತ್ತು. ಪೂರಾ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಮುಂದಿನ ಸಂಚಿಕೆಯಲ್ಲಿ ಬೈದು ಬರೆಯಿರಿ.

ಶಬ್ದವನ್ನು ಒಡೆದು ನೋಡೋಣ

ಸಂಸ್ಕೃತ ಅವರ ಅಪ್ಪನ ಆಸ್ತಿ ಅಂತ ಹೆದರಿ ನಾವು ಬಹಳ ದಿನ ಅದರ ಬಾಗಿಲಿಗೇ ಹೋಗಿಲ್ಲ. ಹೋಗೋಣ. ‘ದಲ್’ ಅನ್ನುವುದು ಧಾತು. ಅರ್ಥ: ಸೀಳು, ಬಿರಿ, ಒಡೆ, ಚೂರಾಗು. ಇದೇ ಧಾತುವಿನಿಂದ ‘ದಳ’ ಬಂತು. ದಳ ಅಂದರೆ ಸೀಳಿ ಬೇರೆಯಾದ ತುಂಡು, ಹೂವಿನ ಎಸಳು, ಸೈನ್ಯದ ಒಂದು ತುಕಡಿ. ಹಿಂದಿಯವರು ‘ದಾಲ್’, ಮರಾಠಿಯವರು ‘ಡಾಳ’ ಅನ್ನುವ ಬೇಳೆಯೂ ಇದೇ ಮನೆತನದ್ದು, ಒಡೆದ ಕಾಳು. ಹಾಸ್ಟೆಲಿನ ಸಾರಿನಲ್ಲಿ ನೀವು ಹುಡುಕಿ ಹುಡುಕಿ ಸಿಗದೇ ಇರುವ ವಸ್ತು ಅದೇ. ನಮ್ಮ ಬೆಳಗಾವಿಯ ಮರಾಠಿ ಮನೆಗಳಲ್ಲಿ ‘ದಳಣೆ’ ಅಂದರೆ ಬೀಸುವುದು, ಗಿರಣಿಗೆ ಒಯ್ಯುವ ಕಾಳಿಗೆ ‘ದಳಣ’ ಅನ್ನುತ್ತಾರೆ. ಅದೂ ಇದೇ ಬೇರು. 19ನೇ ಶತಮಾನದ ಮೋಲ್ಸ್‌ವರ್ತ್ ಸಾಹೇಬನ ಮರಾಠಿ ನಿಘಂಟಿನಲ್ಲಿ ‘ದಲಿತ’ಕ್ಕೆ ಕೊಟ್ಟ ಅರ್ಥ ಬೀಸಿದ್ದು, ಒಡೆದು ಚೂರಾದದ್ದು ಎಂದೇ. ಅದರೊಳಗೆ ಜಾತಿಯ ಹೆಸರಿಲ್ಲ.

ಹಾಗಾದರೆ ಸಾಹೇಬರು ಹೇಳಿದ್ದು ಖರೆ. ದಲಿತ ಅಂದರೆ ಒಡೆದದ್ದು. ಆದರೆ ಅವರು ಅರ್ಧ ವ್ಯಾಕರಣ ಓದಿ ಪುಸ್ತಕ ಮುಚ್ಚಿಟ್ಟಿದ್ದಾರೆ. ಉಳಿದ ಅರ್ಧ ‘-ಇತ’ ಅನ್ನುವ ಆ ಬಾಲದಲ್ಲಿದೆ. ಲಿಖಿತ ಅಂದರೆ ಬರೆದದ್ದು, ಬರೆದವನೊಬ್ಬ ಇದ್ದಾನೆ. ಪೀಡಿತ ಅಂದರೆ ಪೀಡೆಗೆ ಒಳಗಾದವನು, ಪೀಡಿಸಿದವನೊಬ್ಬ ಇದ್ದಾನೆ. ಶೋಷಿತ ಅಂದರೆ ಶೋಷಣೆಗೆ ಒಳಗಾದವನು, ಶೋಷಿಸಿದವನೊಬ್ಬ ಇದ್ದಾನೆ. ದಲಿತ ಅಂದರೆ ಒಡೆಯಲ್ಪಟ್ಟವನು. ತೊಗರಿಕಾಳು ತನ್ನಷ್ಟಕ್ಕೆ ತಾನು ಬೇಳೆ ಆಗುವುದಿಲ್ಲ. ಬೀಸುವ ಕಲ್ಲು ಬೇಕು, ಗೂಟ ಬೇಕು, ಗೂಟ ಹಿಡಿದು ತಿರುಗಿಸುವ ಕೈ ಬೇಕು. ‘ಪದದಲಿತ’ ಅಂತ ಕನ್ನಡದ ಪಂಡಿತರೇ ಬರೆಯುತ್ತಾರೆ. ಕಾಲಲ್ಲಿ ತುಳಿಯಲ್ಪಟ್ಟದ್ದು. ಅಲ್ಲಿ ಕಾಲು ಎದ್ದು ಕಾಣುತ್ತದೆ. ನಮ್ಮ ಶಬ್ದದಲ್ಲಿ ಕಾಲು ಮರೆಯಲ್ಲಿದೆ, ಅಷ್ಟೇ. ಆದರೆ ಶಬ್ದ ಹೇಳಿದ ಕೂಡಲೇ ಕೇಳಿದವನಿಗೆ ಪ್ರಶ್ನೆ ಹುಟ್ಟುತ್ತದೆ: ಯಾರು ಒಡೆದರು? ಸಾಹೇಬರಿಗೆ ಅರ್ಥ ಚಲೋ ಅನ್ನಿಸದೆ ಇರುವುದಕ್ಕೆ ಕಾರಣ ಈ ಪ್ರಶ್ನೆ.

ಇನ್ನೊಂದು ಅರ್ಥವೂ ನಿಘಂಟಿನಲ್ಲಿದೆ. ಮೊಗ್ಗು ಬಿರಿದರೂ ಸಂಸ್ಕೃತದಲ್ಲಿ ಅದು ‘ದಲಿತ’ವೇ. ಅರಳಿದ್ದು ಅಂತ. ಕೆಲವು ಗೆಳೆಯರು ಭಾಷಣದಲ್ಲಿ ಇದನ್ನು ಹೇಳಿ ಚಪ್ಪಾಳೆ ತಗೊಳ್ಳುತ್ತಾರೆ. ನಾನು ಅದನ್ನು ಮಾರುವುದಿಲ್ಲ. ನಮಗೆ ಈ ಹೆಸರು ಬಂದದ್ದು ಅರಳಿದ್ದಕ್ಕಲ್ಲ. ಒಡೆದದ್ದನ್ನು ಒಡೆದದ್ದು ಅಂತ ಹೇಳುವ ಧೈರ್ಯ ಮೊದಲು ಬರಲಿ.

ಉಳಿದ ಹೆಸರುಗಳ ವ್ಯಾಕರಣ

ಸಾಹೇಬರಿಗೆ ವ್ಯಾಕರಣ ಬೇಕಾಗಿದೆಯಲ್ಲ, ಪೂರಾ ಕೊಡೋಣ.

‘ಅಸ್ಪೃಶ್ಯ’. ಇದು ‘ಮುಟ್ಟಿಸಿಕೊಳ್ಳದವನು’ ಅಂತ ಅಲ್ಲ. ‘ದೃಶ್ಯ’ ಅಂದರೆ ನೋಡತಕ್ಕದ್ದು, ‘ಪೂಜ್ಯ’ ಅಂದರೆ ಪೂಜಿಸತಕ್ಕವನು. ಹಾಗೇ ‘ಅಸ್ಪೃಶ್ಯ’ ಅಂದರೆ ಮುಟ್ಟತಕ್ಕವನಲ್ಲ. ಅದು ಹೆಸರಿನ ವೇಷ ಹಾಕಿದ ಹುಕುಂ. ಈ ಹುಕುಮನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿತು. ಊರು ಇನ್ನೂ ಪೂರಾ ರದ್ದು ಮಾಡಿಲ್ಲ.

‘ಹರಿಜನ’. ಹರಿಯ ಜನ, ದೇವರ ಮಂದಿ. 1932ರ ಪುಣೆ ಒಪ್ಪಂದದ ಹೊತ್ತಿಗೆ ಈ ಹೆಸರು ದೇಶದ ತುಂಬ ಹಬ್ಬಿತು. 1933ರ ಫೆಬ್ರವರಿಯಲ್ಲಿ ಗಾಂಧೀಜಿಯವರ ‘ಹರಿಜನ’ ಪತ್ರಿಕೆ ಪುಣೆಯಿಂದ ಹೊರಟಿತು. ಒಬ್ಬ ಅಸ್ಪೃಶ್ಯ ಓದುಗನೇ ಈ ಹೆಸರನ್ನು ಸೂಚಿಸಿದ್ದ ಎಂದು ಗಾಂಧೀಜಿ ಹೇಳಿದ್ದಾರೆ. ಇರಲಿ. ಆದರೆ ಈ ಹೆಸರಿನಲ್ಲಿ ಕ್ರಿಯಾಪದ ಎಲ್ಲಿದೆ? ಯಾರು ಯಾರಿಗೆ ಏನು ಮಾಡಿದರು ಅನ್ನುವುದು ಎಲ್ಲಿದೆ? ನಾವು ದೇವರ ಮಂದಿ ಆದರೆ ನಮ್ಮನ್ನು ಬಾವಿಗೆ ಬಿಡದವರು ಯಾರ ಮಂದಿ? ಅಳುವ ಕೂಸಿಗೆ ಹಾಡುವ ಜೋಗುಳ ಅದು. ಕೂಸು ಮಲಗಿದರೆ ಮನೆಯವರಿಗೆ ನಿದ್ದೆ.

ದೇವರ ಹೆಸರು ಕೊಟ್ಟರೆ ಏನಾಗುತ್ತದೆ ಅಂತ ನಮ್ಮ ಬೆಳಗಾವಿ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡ ನಮ್ಮಲ್ಲೇ ಇದೆ. ನಮ್ಮ ಅಕ್ಕತಂಗಿಯರ ಕೊರಳಿಗೆ ಮುತ್ತು ಕಟ್ಟಿ ‘ದೇವದಾಸಿ’ ಅಂದರು. ದೇವರ ಸೇವಕಿ. ಹೆಸರು ದೇವರದ್ದು, ಸೇವೆ ಗೌಡನದ್ದು. 1934ರಲ್ಲಿ ಮುಂಬಯಿ ಪ್ರಾಂತದ ಕಾಯ್ದೆ ಬಂತು, 1982ರಲ್ಲಿ ಕರ್ನಾಟಕದ ಕಾಯ್ದೆ ಬಂತು. ಎರಡು ಕಾಯ್ದೆ ಬೇಕಾದವು ಅಂದರೆ ಆ ದೇವರ ಹೆಸರು ಎಷ್ಟು ಗಟ್ಟಿ ಹಗ್ಗ ಅಂತ ತಿಳಿಯಿರಿ. ಹೆಂಗಸಿಗೆ ದೇವದಾಸಿ, ಗಂಡಸಿಗೆ ಹರಿಜನ. ನಮಗೆ ಭೂಮಿ ಕೊಡುವುದು ಬಂದಾಗಲೆಲ್ಲ ಇವರು ದೇವರನ್ನು ಕೊಟ್ಟಿದ್ದಾರೆ.

ಇದನ್ನು ಬಾಬಾಸಾಹೇಬರು ಆಗಲೇ ಹಿಡಿದಿದ್ದರು. 1938ರ ಜನವರಿಯಲ್ಲಿ ಮುಂಬಯಿ ವಿಧಾನಸಭೆಯಲ್ಲಿ ಕಾಂಗ್ರೆಸ್ ಸರ್ಕಾರ ಲೋಕಲ್ ಬೋರ್ಡ್ ಕಾಯ್ದೆಯ ತಿದ್ದುಪಡಿ ತಂದು, ಅದರಲ್ಲಿ ಪರಿಶಿಷ್ಟ ಜಾತಿಗಳಿಗೆ ‘ಹರಿಜನ’ ಅಂತ ಹೆಸರಿಡಲು ಹೊರಟಿತು. ನಮ್ಮ ಹೆಸರು ನಮ್ಮನ್ನು ಕೇಳದೆ ಇಡಬೇಡಿ ಅಂತ ಬಾಬಾಸಾಹೇಬರ ಪಕ್ಷ ವಾದ ಮಾಡಿತು. ಕೇಳಲಿಲ್ಲ. ಪಕ್ಷದವರೆಲ್ಲ ಸಭೆಯಿಂದ ಎದ್ದು ಹೊರಗೆ ಬಂದರು. ಆಗ ಬೆಳಗಾವಿ ಜಿಲ್ಲೆ ಆ ಮುಂಬಯಿ ಪ್ರಾಂತದಲ್ಲೇ ಇತ್ತು. ಅಂದರೆ ಆ ಕಾಯ್ದೆ ಹೆಸರಿಡಲು ಬಂದದ್ದು ಖಾಸಬಾಗದ, ಖಾನಾಪುರದ, ನಿಪ್ಪಾಣಿಯ ನಮ್ಮ ಅಜ್ಜಂದಿರಿಗೆ.

‘ಪರಿಶಿಷ್ಟ’. ಇದು ಸಾಹೇಬರಿಗೆ ಪ್ರೀತಿಯ ಶಬ್ದ. ನಮ್ಮ ಕೆಲವು ಹುಡುಗರಿಗೂ ಇದು ಭಾರಿ ಗೌರವದ್ದು ಅನ್ನಿಸುತ್ತದೆ. ಯಾಕೆಂದರೆ ‘ಶಿಷ್ಟ’ ಅಂದರೆ ಸಭ್ಯ, ‘ಪರಿಶಿಷ್ಟ’ ಅಂದರೆ ಇನ್ನೂ ಸಭ್ಯ ಇರಬೇಕು ಅಂತ ಅಂದಾಜು! ಅಲ್ಲ ತಮ್ಮಾ. ಸಭ್ಯ ಅನ್ನುವ ‘ಶಿಷ್ಟ’ದ ಧಾತು ಬೇರೆ, ಅದು ಕಲಿಸು, ಶಾಸನ ಮಾಡು ಅನ್ನುವ ‘ಶಾಸ್’. ಇದು ‘ಶಿಷ್’, ಉಳಿ ಅನ್ನುವ ಧಾತು. ಶೇಷ, ಅವಶೇಷ ಅದರಿಂದಲೇ ಬಂದವು. ಉಂಡುಬಿಟ್ಟ ಎಂಜಲಿಗೆ ‘ಉಚ್ಛಿಷ್ಟ’ ಅನ್ನುತ್ತಾರಲ್ಲ, ಅದೂ ಇದರ ಒಡಹುಟ್ಟು. ಪರಿಶಿಷ್ಟ ಅಂದರೆ ಉಳಿದದ್ದು, ಪುಸ್ತಕ ಮುಗಿದ ಮೇಲೆ ಹಿಂದೆ ಅಂಟಿಸುವ ಪುರವಣಿ. 1935ರ ಭಾರತ ಸರ್ಕಾರ ಕಾಯ್ದೆಯವರು ಇಂಗ್ಲಿಷಿನಲ್ಲಿ ಇಟ್ಟದ್ದು ‘ಶೆಡ್ಯೂಲ್ಡ್’, ಅಂದರೆ ಪಟ್ಟಿಗೆ ಸೇರಿದ್ದು. ಹಿಂದಿ, ಮರಾಠಿಯವರು ‘ಅನುಸೂಚಿತ’ ಅಂದರು, ಪಟ್ಟಿಯಲ್ಲಿ ಹೇಳಿದ್ದು ಅಂತ. ಕನ್ನಡದವರು ‘ಪರಿಶಿಷ್ಟ’ ಅಂದರು. ಒಂದೇ ಊರಿನ ಮರಾಠಿ ಶಾಲೆಯಲ್ಲಿ ಓದಿದವನು ಪಟ್ಟಿಯವನು, ಕನ್ನಡ ಶಾಲೆಯಲ್ಲಿ ಓದಿದವನು ಪುರವಣಿಯವನು!

ನಾನು ‘ಪರಿಶಿಷ್ಟ’ ಬಿಡಿರಿ ಅಂತ ಹೇಳುತ್ತಿಲ್ಲ. ಸಂವಿಧಾನದ 341ನೇ ವಿಧಿ ಇರುವುದು ಆ ಹೆಸರಿನಲ್ಲಿ. ಸ್ಕಾಲರ್‌ಶಿಪ್ ಇರುವುದು, ಹಾಸ್ಟೆಲ್ ಸೀಟು ಇರುವುದು, ದೌರ್ಜನ್ಯ ತಡೆ ಕಾಯ್ದೆ ಇರುವುದು ಆ ಹೆಸರಿನಲ್ಲಿ. ಅರ್ಜಿಯಲ್ಲಿ ಬರೆಯಿರಿ, ದಬಾಯಿಸಿ ಬರೆಯಿರಿ. ಆದರೆ ಸವಲತ್ತಿನ ಹೆಸರು ಬೇರೆ, ಸಂಘಟನೆಯ ಹೆಸರು ಬೇರೆ. ರೇಷನ್ ಕಾರ್ಡಿನ ನಂಬರು ನಿಮ್ಮದೇ ಹೌದು. ಅಂತ ಅವ್ವ ನಿಮ್ಮನ್ನು ನಂಬರಿನಿಂದ ಕರೆಯುತ್ತಾಳೇನು?

ಬಾಬಾಸಾಹೇಬರು ಏನಂತ ಕರೆದರು?

ಇಲ್ಲಿ ಕೆಲವರು ಎದ್ದು ನಿಲ್ಲುತ್ತಾರೆ: “ಬಾಬಾಸಾಹೇಬರು ಎಲ್ಲಿ ದಲಿತ ಅಂದಾರ? ತೋರಸ್ರಿ.” ಪ್ರಶ್ನೆ ಸರಿ ಇದೆ. ಅವರು ಹೆಚ್ಚು ಬಳಸಿದ್ದು ಬೇರೆ ಹೆಸರುಗಳನ್ನು. 1924ರ ಜುಲೈನಲ್ಲಿ ಮುಂಬಯಿಯಲ್ಲಿ ಅವರು ಕಟ್ಟಿದ ಸಂಸ್ಥೆ ‘ಬಹಿಷ್ಕೃತ ಹಿತಕಾರಿಣೀ ಸಭಾ’. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದರ ನೂರನೇ ವರ್ಷವನ್ನು ಸರ್ಕಾರ ಊರಿಗೆಲ್ಲ ದೀಪ ಹಾಕಿ ಆಚರಿಸಿದ್ದು ನೀವು ನೋಡಿದ್ದೀರಿ. ಆದರೆ ಆ ಅಧಿವೇಶನ ಮುಗಿದು ನಾಲ್ಕು ತಿಂಗಳಿಗೆ, 1925ರ ಏಪ್ರಿಲಿನಲ್ಲಿ, ಇದೇ ಜಿಲ್ಲೆಯ ನಿಪ್ಪಾಣಿಗೆ ಬಾಬಾಸಾಹೇಬರು ಬಂದು ಮುಂಬಯಿ ಪ್ರಾಂತದ ಬಹಿಷ್ಕೃತ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಅದರ ನೂರನೇ ವರ್ಷ 2025ರಲ್ಲಿ ಬಂದು ಹೋಯಿತು. ಖಾಸಬಾಗದಲ್ಲಿ ಎಷ್ಟು ಜನರಿಗೆ ಗೊತ್ತಾಯಿತು? ನಮ್ಮ ಹಾಸ್ಟೆಲಿನಲ್ಲಿ ಎಷ್ಟು ಜನರಿಗೆ ಗೊತ್ತಾಯಿತು? ತಪ್ಪು ಬರೇ ಸರ್ಕಾರದ್ದಲ್ಲ.

ಆ ಸಭಾ ಮೊದಲು ಮಾಡಿದ ಕೆಲಸಗಳಲ್ಲಿ ಒಂದು 1925ರಲ್ಲಿ ಸೊಲ್ಲಾಪುರದಲ್ಲಿ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ತೆಗೆದದ್ದು. ಮುಂದೆ ಧಾರವಾಡದಲ್ಲೂ ಹಾಸ್ಟೆಲ್ ಆಯಿತು. ಹಾಸ್ಟೆಲ್ ಅನ್ನುವುದೇ ಚಳವಳಿಯ ಕೂಸು. ಸರ್ಕಾರ ಅನ್ನ ಹಾಕುತ್ತದೆ ಅಂತ ಬಾಯಿ ಮುಚ್ಚಿಕೊಂಡು ಇರಬೇಕು ಅನ್ನುವವರಿಗೆ ಇದನ್ನು ನೆನಪು ಮಾಡಿ ಕೊಡಿರಿ.

ಈಗ ‘ಬಹಿಷ್ಕೃತ’ ಅನ್ನುವ ಶಬ್ದ ಒಡೆಯಿರಿ. ಬಹಿಸ್ ಅಂದರೆ ಹೊರಗೆ, ಕೃತ ಅಂದರೆ ಮಾಡಲ್ಪಟ್ಟದ್ದು. ಹೊರಗೆ ಹಾಕಲ್ಪಟ್ಟವರು. ಮತ್ತೆ ಅದೇ ವ್ಯಾಕರಣ! ಅದೇ ಪ್ರಶ್ನೆ! ಹಾಕಿದವರು ಯಾರು? 1927ರಲ್ಲಿ ಅವರು ತಮ್ಮ ಪತ್ರಿಕೆಗೆ ‘ಬಹಿಷ್ಕೃತ ಭಾರತ’ ಅಂತಲೇ ಹೆಸರಿಟ್ಟರು. 1931ರ ದುಂಡುಮೇಜಿನ ಪರಿಷತ್ತಿಗೆ ಕೊಟ್ಟ ಮನವಿಯಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್’ ಅನ್ನುವ ಹೆಸರು ಬದಲಿಸಿ ‘ಪ್ರೊಟೆಸ್ಟಂಟ್ ಹಿಂದೂ’ ಅಥವಾ ‘ನಾನ್‌ಕನ್‌ಫಾರ್ಮಿಸ್ಟ್ ಹಿಂದೂ’ ಅಂತ ಇಡಿ ಎಂದು ಕೇಳಿದರು. ಪ್ರತಿಭಟಿಸುವವನು, ನಿಮ್ಮ ಕಟ್ಟಳೆಗೆ ಒಪ್ಪದವನು ಅಂತ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಆ ‘ಹಿಂದೂ’ವನ್ನೇ ಬಿಟ್ಟು ನಡೆದರು. ಅವರು ಒಂದೇ ಹೆಸರಿಗೆ ಜೋತು ಬೀಳಲಿಲ್ಲ. ಪ್ರತಿ ಸಲವೂ ಹೆಸರನ್ನು ತಾವೇ ಆರಿಸಿಕೊಂಡರು. ನಮಗೆ ಅವರು ಬಿಟ್ಟುಹೋದ ಪಾಠ ಇದು.

ಇನ್ನೊಂದು ಮುಖ್ಯ ಮಾತು. 1948ರಲ್ಲಿ ಅಸ್ಪೃಶ್ಯರು ಯಾರು, ಹೇಗೆ ಅಸ್ಪೃಶ್ಯರಾದರು ಅನ್ನುವ ಪುಸ್ತಕ ಬರೆದಾಗ ಅವರು ಕಟ್ಟಿದ ಸಿದ್ಧಾಂತಕ್ಕೆ ‘ಬ್ರೋಕನ್ ಮೆನ್’ ಅಂತ ಹೆಸರು. ಒಡೆದ ಮನುಷ್ಯರು! ಬುಡಕಟ್ಟುಗಳ ಕಾದಾಟದಲ್ಲಿ ಸೋತು ಚೆದುರಿದವರು ಬೇರೆಯವರ ಊರಿನ ಅಂಚಿನಲ್ಲಿ ಕಾವಲಿಗೆ ನಿಂತರು, ಬೌದ್ಧರಾಗಿ ಉಳಿದರು, ಆಮೇಲೆ ಅವರನ್ನು ಅಸ್ಪೃಶ್ಯರೆಂದು ದೂರ ಇಟ್ಟರು ಅನ್ನುವುದು ಅವರ ವಾದ. ಇತಿಹಾಸಕಾರರು ಇದರ ಬಗ್ಗೆ ಜಗಳಾಡಲಿ. ನಾವು ಗಮನಿಸಬೇಕಾದದ್ದು, ಅವರ ಲೆಕ್ಕದಲ್ಲಿ ಒಡೆದದ್ದು ಆ ಮನುಷ್ಯನ ಬೆನ್ನೆಲುಬಲ್ಲ. ಅವನಿಗೂ ಅವನ ಕುಲಕ್ಕೂ, ಅವನಿಗೂ ನೆಲಕ್ಕೂ ಇದ್ದ ಕೂಡಿಕೆ.

ಈ ಶಬ್ದ ನಮ್ಮ ಕೈಗೆ ಹೇಗೆ ಬಂತು

1906ರಲ್ಲಿ ಮುಂಬಯಿಯಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಕಟ್ಟಿದವರು ವಿಠ್ಠಲ ರಾಮಜಿ ಶಿಂದೆ. ಹುಟ್ಟಿದ್ದು ನಮ್ಮ ಜಮಖಂಡಿಯಲ್ಲಿ. ಒಳ್ಳೆಯ ಮನುಷ್ಯ, ಸವರ್ಣೀಯ. ಆ ಸಂಸ್ಥೆಗೆ ಮರಾಠಿಯಲ್ಲಿ ಇಟ್ಟ ಹೆಸರಿನಲ್ಲಿ ನಾವು ‘ನಿರಾಶ್ರಿತ’ರು, ಆಸರೆ ಇಲ್ಲದವರು. ಇಪ್ಪತ್ತರ ದಶಕದಲ್ಲಿ ಉತ್ತರದಲ್ಲಿ ಆರ್ಯಸಮಾಜದ ಸ್ವಾಮಿ ಶ್ರದ್ಧಾನಂದರು ‘ದಲಿತೋದ್ಧಾರ ಸಭಾ’ ಕಟ್ಟಿದರು. ನೋಡಿರಿ, ದಲಿತ ಅನ್ನುವ ಶಬ್ದ ಆಗ ಒಬ್ಬಂಟಿಯಾಗಿ ಓಡಾಡುತ್ತಿರಲಿಲ್ಲ. ಹೆಗಲ ಮೇಲೆ ‘ಉದ್ಧಾರ’ ಅನ್ನುವವನು ಕೂತಿದ್ದ. ಉದ್ಧಾರ ಮಾಡುವವರು ಅವರು, ಆಗಬೇಕಾದವರು ನಾವು.

ನಮ್ಮವರು ಮಾಡಿದ ಕೆಲಸ ಇಷ್ಟೇ: ಹೆಗಲ ಮೇಲಿದ್ದವನನ್ನು ಕೆಳಗೆ ಇಳಿಸಿದರು. 1958ರಲ್ಲಿ ಮುಂಬಯಿಯಲ್ಲಿ ದಲಿತ ಸಾಹಿತ್ಯ ಸಮ್ಮೇಳನ ಸೇರಿತು, ಅಣ್ಣಾಭಾವು ಸಾಠೆ ಅಲ್ಲಿ ಮಾತಾಡಿದರು. 1972ರಲ್ಲಿ ಅದೇ ಮುಂಬಯಿಯ ಚಾಳುಗಳಿಂದ ದಲಿತ ಪ್ಯಾಂಥರ್ ಎದ್ದಿತು. ನಾಮದೇವ ಢಸಾಳ, ರಾಜಾ ಢಾಲೆ, ಜೆ.ವಿ. ಪವಾರ್ ಇದ್ದ ಗುಂಪು. 1973ರ ಅವರ ಜಾಹೀರನಾಮೆಯಲ್ಲಿ ದಲಿತ ಅಂದರೆ ಒಂದು ಜಾತಿಯಲ್ಲ. ಪರಿಶಿಷ್ಟ ಜಾತಿ ಪಂಗಡದವರು, ನವಬೌದ್ಧರು, ದುಡಿಯುವವರು, ಭೂಮಿ ಇಲ್ಲದವರು, ಬಡ ರೈತರು, ಹೆಂಗಸರು, ಧರ್ಮದ ಹೆಸರಿನಲ್ಲಿ ಶೋಷಣೆಗೆ ಒಳಗಾದ ಎಲ್ಲರೂ ಸೇರಿದರು. ನಿಘಂಟಿನ ಒಂದು ಶಬ್ದ ಜನರ ಗುಂಪಾಗಿ ಬೀದಿಗೆ ಇಳಿಯಿತು.

ಕರ್ನಾಟಕದಲ್ಲಿ ಕಿಡಿ ಹತ್ತಿದ್ದು ಇನ್ನೊಂದು ಶಬ್ದದಿಂದ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ದನದ ಮೇವು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಆ ಮಂತ್ರಿಯನ್ನು ಒಂದು ಶಬ್ದಕ್ಕಾಗಿ ಬೀದಿಯಲ್ಲಿ ಗದ್ದಲ ಎಬ್ಬಿಸಿ ಕುರ್ಚಿಯಿಂದ ಇಳಿಸಿದರು. ನಮ್ಮ ಹಾಸ್ಟೆಲ್ ಹುಡುಗರ ಮೇಲೆ ಕೈ ಮಾಡಿದರು. ಮಲ ಹೊತ್ತದ್ದು ಸಾವಿರ ವರ್ಷ ಯಾರಿಗೂ ಅವಮಾನ ಅನ್ನಿಸಿರಲಿಲ್ಲ. ಬೂಸಾ ಅಂದದ್ದು ಒಂದೇ ದಿನದಲ್ಲಿ ಅವಮಾನ ಆಯಿತು! ಆ ಗದ್ದಲದ ಬೆನ್ನಿಗೆ, ಎಪ್ಪತ್ತರ ದಶಕದ ನಡುವೆ, ಭದ್ರಾವತಿಯ ಬಿ. ಕೃಷ್ಣಪ್ಪ ಮತ್ತು ಗೆಳೆಯರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಸಮಿತಿಯ ಹೆಸರಿನಲ್ಲಿ ‘ಉದ್ಧಾರ’ ಇಲ್ಲ, ‘ಸೇವಾ’ ಇಲ್ಲ; ‘ಸಂಘರ್ಷ’ ಇದೆ. ಆ ಅದಲುಬದಲಿನಲ್ಲೇ ಚಳವಳಿಯ ಇತಿಹಾಸ ಪೂರಾ ಇದೆ.

ಸರ್ಕಾರದ ಸುತ್ತೋಲೆ

ಸಾಹೇಬರು ಹೇಳಿದ ‘ಸರ್ಕಾರ ಬ್ಯಾಡ ಅಂದೈತಿ’ ಅನ್ನುವುದು ಏನು? 1982ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಮಂತ್ರಾಲಯ ಜಾತಿ ಪ್ರಮಾಣಪತ್ರದಲ್ಲಿ ‘ಹರಿಜನ’ ಅಂತ ಬರೆಯಬೇಡಿ ಎಂದು ಹೇಳಿತು. ಅದು ನಮ್ಮವರೇ ಬೇಡ ಅಂದ ಹೆಸರು. 2018ರ ಮಾರ್ಚಿನಲ್ಲಿ ಸಾಮಾಜಿಕ ನ್ಯಾಯ ಮಂತ್ರಾಲಯ, ಮಧ್ಯಪ್ರದೇಶ ಹೈಕೋರ್ಟಿನ ಗ್ವಾಲಿಯರ್ ಪೀಠದ ಆದೇಶ ಮುಂದಿಟ್ಟುಕೊಂಡು, ಸರ್ಕಾರಿ ವ್ಯವಹಾರದಲ್ಲಿ ‘ದಲಿತ’ ಬಳಸಬೇಡಿ, ಸಂವಿಧಾನದ ಹೆಸರು ಬಳಸಿ ಎಂದಿತು. ಅದೇ ವರ್ಷ ಆಗಸ್ಟಿನಲ್ಲಿ ವಾರ್ತಾ ಮಂತ್ರಾಲಯ ಟಿವಿ ಚಾನೆಲ್ಲುಗಳಿಗೂ ಅಂಥದೇ ಸಲಹೆ ಕಳಿಸಿತು.

ಇದನ್ನು ಸರಿಯಾಗಿ ಓದಿರಿ. ಮೊದಲನೆಯದು, ಅದು ಕಚೇರಿಯ ಕಾಗದಕ್ಕೆ ಹೇಳಿದ್ದು, ಚಾನೆಲ್ಲಿಗೆ ಕೊಟ್ಟ ಸಲಹೆ. ಖಾಸಬಾಗದ ಹುಡುಗರು ತಮ್ಮ ದುಡ್ಡಿನ ಬಟ್ಟೆಯ ಮೇಲೆ ತಮ್ಮ ಬಣ್ಣದಿಂದ ಏನು ಬರೆಯಬೇಕು ಅಂತ ಹೇಳಿದ್ದಲ್ಲ. ಎರಡನೆಯದು, ಸಂವಿಧಾನದಲ್ಲಿ ಇಲ್ಲದ ಶಬ್ದವೆಲ್ಲ ತಪ್ಪು ಅನ್ನುವುದಾದರೆ ‘ಗೌಡ’ ಇಲ್ಲ, ‘ದೇಸಾಯಿ’ ಇಲ್ಲ, ‘ಇನಾಮದಾರ’ ಇಲ್ಲ. ಇವನ್ನು ಅಳಿಸಲು ಸುತ್ತೋಲೆ ಎಂದು ಬರುತ್ತದೆ? ಮೂರನೆಯದು, ‘ಹರಿಜನ’ವನ್ನೂ ‘ದಲಿತ’ವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಒಂದು ಅವರು ಕೊಟ್ಟದ್ದು, ನಾವು ತಿರುಗಿ ಎಸೆದದ್ದು. ಇನ್ನೊಂದು ನಾವು ಎತ್ತಿಕೊಂಡದ್ದು, ಅವರು ಕಸಿಯಲು ಬಂದದ್ದು. ಎರಡನ್ನೂ ಒಟ್ಟಿಗೆ ಗುಡಿಸಿದರೆ ಅದಕ್ಕೆ ಸಮಾನತೆ ಅನ್ನುವುದಿಲ್ಲ.

ಒಡೆದ ತುಂಡು ಅನ್ನುವ ಅರ್ಥ ಕೀಳು ಅನ್ನುವವರಿಗೆ ಇನ್ನೊಂದು ಮಾತು. ‘ದಳ’ ಅಂದರೂ ಅದೇ ಧಾತುವಿನ ತುಂಡು ಅಂತ ಮೇಲೆ ಹೇಳಿದೆ. 1923ರಲ್ಲಿ ಹುಬ್ಬಳ್ಳಿಯ ನಾ.ಸು. ಹರ್ಡೀಕರರು ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಜನತಾದಳದವರು ರಾಜ್ಯ ಆಳಿದರು. ನಾವು ತುಂಡು ಅಂತ ಅವರಲ್ಲಿ ಯಾರಾದರೂ ನಾಚಿಕೊಂಡರೇನು? ಧಾತು ಒಂದೇ. ಅವರ ಬಾಯಲ್ಲಿ ಅದು ಸೈನ್ಯ, ನಮ್ಮ ಬಾಯಲ್ಲಿ ಮಾತ್ರ ಕೀಳು!

ಖಾನಾಪುರದ ತಮ್ಮನಿಗೆ

ಈಗ ನಿನ್ನ ಮಾತಿಗೆ ಬರುತ್ತೇನೆ ತಮ್ಮಾ. ನೀನು ಮುರಿದಿಲ್ಲ ಅಂದೆ. ಖರೆ. ಮುರಿದಿದ್ದರೆ ಖಾನಾಪುರದ ಕಾಡಂಚಿನ ಊರಿನಿಂದ ಬಸ್ಸು ಹತ್ತಿ ಇಲ್ಲಿತನಕ ಬರುತ್ತಿರಲಿಲ್ಲ. ಆದರೆ ದಲಿತ ಅನ್ನುವುದು ನಿನ್ನ ಗುಣದ ಹೆಸರಲ್ಲ, ನಿನಗೆ ಮಾಡಿದ ಕೆಲಸದ ಹೆಸರು. ನಿನ್ನ ಅಜ್ಜನನ್ನು ಭೂಮಿಯಿಂದ ಬೇರೆ ಮಾಡಿದ್ದು, ಅಜ್ಜಿಯನ್ನು ಬಾವಿಯಿಂದ ಬೇರೆ ಮಾಡಿದ್ದು, ನಿಮ್ಮ ಅಪ್ಪನನ್ನು ಶಾಲೆಯ ಒಳಕೋಣೆಯಿಂದ ಬೇರೆ ಮಾಡಿದ್ದು. ಮೈಮೇಲೆ ಬಾಸುಂಡೆ ಇದ್ದವನು ಪೋಲೀಸ್ ಠಾಣೆಗೆ ಹೋಗಿ ‘ನನಗೆ ಹೊಡೆದಿದ್ದಾರೆ’ ಅಂದರೆ ಅವನು ದುರ್ಬಲ ಅಂತ ಅರ್ಥವೇ? ಫಿರ್ಯಾದು ಕೊಡುವವನೇ ಗಟ್ಟಿಗ. ದಲಿತ ಅನ್ನುವುದು ಫಿರ್ಯಾದು.

ಬೇರೆ ದೇಶದವರೂ ಹೀಗೇ ಮಾಡಿದ್ದಾರೆ. ಹಳೇ ರೋಮಿನಲ್ಲಿ ಆಸ್ತಿಯ ಗಣತಿ ಮಾಡುವಾಗ ಮಕ್ಕಳ ಹೊರತು ಬೇರೇನೂ ಇಲ್ಲದ ಬಡವರನ್ನು ‘ಪ್ರೊಲೆಟಾರಿಯಸ್’ ಅಂದರು. ಸಂತಾನ ಮಾತ್ರ ಇದ್ದವ ಅಂತ. ಅದು ಹೀನಾಯದ ಶಬ್ದ. ಮಾರ್ಕ್ಸ್ ಮತ್ತು ಕಾರ್ಮಿಕರು ಅದನ್ನು ಎತ್ತಿಕೊಂಡ ಮೇಲೆ ಅರಮನೆಗಳು ನಡುಗಿದವು. ಅಮೆರಿಕದಲ್ಲಿ ‘ಕರಿಯ’ ಅನ್ನುವುದು ಬೈಗುಳ ಆಗಿತ್ತು. ಅವರು ಆ ಶಬ್ದದಿಂದ ಓಡಿಹೋಗಲಿಲ್ಲ. 1966ರಲ್ಲಿ ಓಕ್ಲಂಡಿನಲ್ಲಿ ‘ಬ್ಲ್ಯಾಕ್ ಪ್ಯಾಂಥರ್’ ಅಂತ ಎದೆ ಮೇಲೆ ಬರೆದುಕೊಂಡರು. ಮುಂಬಯಿಯ ಪ್ಯಾಂಥರ್ ಹೆಸರು ಬಂದದ್ದು ಅಲ್ಲಿಂದಲೇ.

ಶಬ್ದದ ಬೇರು ಎಲ್ಲಿದೆ ಅನ್ನುವುದೊಂದೇ ಅರ್ಥ ತೀರ್ಮಾನಿಸುವುದಿಲ್ಲ. ನಾವು ಕೂತಿರುವ ಖಾಸಬಾಗವನ್ನೇ ನೋಡು. ‘ಖಾಸ’ ಅಂದರೆ ಸ್ವಂತದ್ದು, ‘ಬಾಗ’ ಅಂದರೆ ತೋಟ. ದೊಡ್ಡವರ ಖಾಸಗಿ ತೋಟ. ಈಗ ಇಲ್ಲಿ ತೋಟ ಎಲ್ಲಿದೆ? ನೇಕಾರರ ಮಗ್ಗ ಇದೆ, ಬಾಡಿಗೆ ಖೋಲಿ ಇದೆ, ಹಮಾಲಿ ಮಾಡುವವರು, ಪೌರಕಾರ್ಮಿಕರು, ಓದುವ ಹುಡುಗರು ಇದ್ದಾರೆ. ಇವತ್ತು ಖಾಸಬಾಗ ಅಂದರೆ ದುಡಿಯುವವರ ವಸ್ತಿ. ಹೆಸರಿನೊಳಗೆ ಯಾರು ಬಾಳುತ್ತಾರೋ ಅವರೇ ಅದರ ಅರ್ಥ ಬರೆಯುತ್ತಾರೆ.

ನಮ್ಮ ಮನೆಯ ಕಸ

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸುಳ್ಳಾಗುತ್ತದೆ. ಒಡೆದವರು ಯಾರು ಅಂತ ಹೊರಗಿನವರನ್ನು ಕೇಳುವ ನಾವು ಒಳಗೆ ಏನು ಮಾಡಿದ್ದೇವೆ? ವೇದಿಕೆಯ ಮೇಲೆ ಎಲ್ಲರೂ ದಲಿತರು. ಕೆಳಗೆ ಇಳಿದ ಮೇಲೆ ಮಹಾರ ಬೇರೆ, ಚಲವಾದಿ ಬೇರೆ, ಮಾದರ ಬೇರೆ, ಸಮಗಾರ ಬೇರೆ, ಡೋರ ಬೇರೆ. ಹಾಸ್ಟೆಲಿನಲ್ಲೇ ಖೋಲಿ ಹಂಚಿಕೊಳ್ಳುವಾಗ ಅಡ್ಡಹೆಸರು ಕೇಳುವವರು ಇದ್ದಾರೋ ಇಲ್ಲವೋ? ಮದುವೆ ಮಾತು ಬಂದರೆ ಕ್ರಾಂತಿಕಾರಿಗಳೂ ಕುಲ ಕೇಳುತ್ತಾರೋ ಇಲ್ಲವೋ? ಕರ್ನಾಟಕದ ಪಟ್ಟಿಯಲ್ಲಿ 101 ಜಾತಿಗಳಿವೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿ ಮಾಡಬಹುದು ಅಂತ ತೀರ್ಪು ಕೊಟ್ಟ ಮೇಲೆ, 2025ರಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿತು. ಹಳೇ ಮೈಸೂರಿನ ಕಡೆ ದೊಡ್ಡ ತೊಡಕಾದದ್ದು ಒಂದು ಹೆಸರಿನಿಂದಲೇ. ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಅಂತ ಬರೆಸಿಕೊಂಡವರು ಮೂಲದಲ್ಲಿ ಹೊಲೆಯರೋ ಮಾದಿಗರೋ ತಿಳಿಯುತ್ತಿರಲಿಲ್ಲ. ಮೊದಲಿಗರು ಅನ್ನುವ ಅಭಿಮಾನದಿಂದ ಹುಟ್ಟಿದ ಹೆಸರು ಪಾಲು ಕೇಳುವ ದಿನ ಪರದೆಯಾಯಿತು.

‘ದಲಿತ’ಕ್ಕೂ ಆ ಗತಿ ಬರಬಾರದು. ಮಾದಿಗ ಗೆಳೆಯ ತನ್ನ ಪಾಲು ಕೇಳಿದರೆ ‘ದಲಿತರನ್ನು ಒಡೆಯಬೇಡ’ ಅಂತ ಬಾಯಿ ಮುಚ್ಚಿಸಲು ಈ ಶಬ್ದ ಬಳಸಿದರೆ, ಆವತ್ತು ನಾವೇ ಬೀಸುವ ಕಲ್ಲಿನ ಗೂಟ ಹಿಡಿದಂತೆ. ಹುಡುಗಿಯರ ಹಾಸ್ಟೆಲಿನವರು ಸಭೆಗೆ ಬಂದಾಗ ಚಹಾ ಮಾಡಲು ಹೇಳಿದರೂ ಅಷ್ಟೇ. ಪ್ಯಾಂಥರ್ ಜಾಹೀರನಾಮೆಯಲ್ಲಿ ಹೆಂಗಸರ ಹೆಸರು ಇದೆ. ನಮ್ಮ ಪದಾಧಿಕಾರಿಗಳ ಪಟ್ಟಿಯಲ್ಲಿ ಇದೆಯೇ?

ಮಾಡಬೇಕಾದ ಕೆಲಸ

2014ರ ನವೆಂಬರ್ 1ರಂದು ಬೆಳಗಾಂ ಹೋಗಿ ಬೆಳಗಾವಿ ಆಯಿತು. ಊರಿನ ಒಂದು ಹೆಸರಿಗಾಗಿ ಕನ್ನಡದವರೂ ಮರಾಠಿಯವರೂ ಎಷ್ಟು ವರ್ಷ ಬಡಿದಾಡಿದರು! ಎಷ್ಟು ಬೋರ್ಡುಗಳಿಗೆ ಮಸಿ ಬಿತ್ತು! ಆದರೆ ಹಳ್ಳಿಹಳ್ಳಿಯ ‘ಹರಿಜನ ಕೇರಿ’ ಬೋರ್ಡಿನ ಮುಂದೆ ಯಾವ ಭಾಷೆಯ ಅಭಿಮಾನಿಯೂ ಮಸಿ ಡಬ್ಬಿ ತಗೊಂಡು ಬಂದು ನಿಲ್ಲಲಿಲ್ಲ. ಆ ಕೆಲಸ ನಮ್ಮದು. ಗಡಿ ಗಲಾಟೆಯಲ್ಲಿ ಎರಡೂ ಕಡೆ ಕಲ್ಲು ಹೊರುವುದು ಸಾಕು. ‘ದಲಿತ’ ಅನ್ನುವುದು ಕನ್ನಡದಲ್ಲೂ ಮರಾಠಿಯಲ್ಲೂ ಅದೇ ಅಕ್ಷರ, ಅದೇ ಅರ್ಥ. ಅದಕ್ಕೆ ಗಡಿ ಇಲ್ಲ.

ಆದ್ದರಿಂದ ಗೆಳೆಯರೇ, ಬೇಸಿಗೆ ರಜೆಗೆ ಊರಿಗೆ ಹೋದಾಗ ಮೂರು ಕೆಲಸ ಮಾಡಿರಿ. ಒಂದು, ನಿಮ್ಮ ಊರಿನ ಬೋರ್ಡು, ಶಾಲೆಯ ದಾಖಲೆ, ಪಂಚಾಯತಿಯ ಪುಸ್ತಕದಲ್ಲಿ ಎಲ್ಲೆಲ್ಲಿ ‘ಹರಿಜನ’ ಅಂತ ಇದೆ ಬರೆದುಕೊಂಡು ಬನ್ನಿ. 1982ರ ಸೂಚನೆಯ ಹೆಸರು ಹೇಳಿ ಒಟ್ಟಿಗೆ ಅರ್ಜಿ ಹಾಕೋಣ. ಎರಡು, ನಿಮ್ಮ ಅಜ್ಜ ಅಜ್ಜಿಯರನ್ನು ಊರಿನವರು ಏನೇನು ಅಂತ ಕರೆಯುತ್ತಿದ್ದರು ಕೇಳಿ ಬರೆದುಕೊಳ್ಳಿರಿ. ಕೇಳಲು ನಾಚಿಕೆಯಾಗುತ್ತದೆ, ಹೇಳಲು ಅವರಿಗೂ ನೋವಾಗುತ್ತದೆ. ಆದರೂ ಕೇಳಿರಿ, ಅದು ನಮ್ಮ ನಿಘಂಟು. ಮೂರು, ಪಕ್ಕದ ಕೇರಿಯ ಹುಡುಗನ ಮನೆಯಲ್ಲಿ ಉಂಡು ಬನ್ನಿ. ಮಹಾರನ ಮನೆಯವನು ಮಾದರನ ಮನೆಯಲ್ಲಿ, ಮಾದರನ ಮನೆಯವನು ಡೋರನ ಮನೆಯಲ್ಲಿ.

ಈ ಶಬ್ದ ಯಾವತ್ತೂ ಇರಲಿ ಅಂತ ನನಗೂ ಆಸೆ ಇಲ್ಲ. ಗಾಯ ಮಾಯ್ದ ದಿನ ಪಟ್ಟಿ ಬಿಚ್ಚಿ ಒಗೆಯೋಣ. ಆದರೆ ಗಾಯ ಮಾಡಿದವನು ಬಂದು, ಗಾಯ ಇನ್ನೂ ಹಸಿ ಇರುವಾಗ, ‘ಪಟ್ಟಿ ನೋಡಲು ಚಂದ ಇಲ್ಲ, ಬಿಚ್ಚು’ ಅಂದರೆ ಬಿಚ್ಚುವುದಿಲ್ಲ.

ಆ ರಾತ್ರಿ ಬ್ಯಾನರ್ ಏನಾಯಿತು ಅಂತ ಕೇಳುತ್ತೀರಿ. ಸಾಹೇಬರ ಮಾತಿನಂತೆ ಬಿಡಲಿಲ್ಲ, ನನ್ನ ಮಾತಿನಂತೆಯೂ ಬರೆಸಲಿಲ್ಲ. ಕೈ ಎತ್ತಿಸಿದೆವು. ‘ದಲಿತ’ ಬೇಕು ಅಂದವರು ಹೆಚ್ಚು. ಖಾನಾಪುರದ ತಮ್ಮ ಕೈ ಎತ್ತಲಿಲ್ಲ. ಆದರೆ ಅಕ್ಷರ ಬರೆಯಲು ಕುಂಚ ಹಿಡಿದವನು ಅವನೇ, ಯಾಕೆಂದರೆ ನಮ್ಮಲ್ಲಿ ದುಂಡಗೆ ಬರೆಯುವವನು ಅವನೊಬ್ಬನೇ. ಬರೆದು ಮುಗಿಸಿ ಅಂದ: “ಬರದೇನಿ ಅಣ್ಣಾ. ಒಪ್ಪೇನಿ ಅಂತ ಅಲ್ಲ.” ಇರಲಿ ತಮ್ಮಾ. ಈ ಲೇಖನ ಓದಿ ಒಪ್ಪದಿದ್ದರೆ ಉತ್ತರ ಬರೆ. ಮುಂದಿನ ಸಂಚಿಕೆಯಲ್ಲಿ ಇಷ್ಟೇ ಜಾಗ ನಿನಗೆ ಕಾದಿಟ್ಟಿದೆ.

ಜೈ ಭೀಮ್.

— ಖಾಸಬಾಗದಿಂದ ಒಬ್ಬ ಹಳೆಯ ಹಾಸ್ಟೆಲ್ ಹುಡುಗ